ಹತ್ತಿಗೆ ಸಾಲುವಷ್ಟು ಬಿಸಿ

ನನ್ನ ಭಾವನ ಬಗ್ಗೆ ನಮ್ಮ ಬೀದಿಯಲ್ಲಿ ಮೂರು ಕತೆಗಳಿವೆ. ಮೂರೂ ಸುಳ್ಳು. ನಾಲ್ಕನೆಯದು ನನ್ನದು. ಅದು ನಿಜ, ಆದರೆ ನನಗೇ ಪೂರ್ತಿ ಅರ್ಥವಾಗಿಲ್ಲ. ಅರ್ಥವಾದ ಮೇಲೆ ಹೇಳೋಣವೆಂದು ಕಾಯುತ್ತ ಕೂತರೆ ನನ್ನ ಆಯುಸ್ಸೇ ಮುಗಿದೀತು.

ನಾನು ದರ್ಜಿ. ಭಾವ, ಅಂದರೆ ನನ್ನ ಅಕ್ಕನ ಗಂಡ, ಇಸ್ತ್ರಿಯವರು. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಅಂಗಡಿಯನ್ನು ಹಲಗೆ ಹೊಡೆದು ಎರಡು ಮಾಡಿಕೊಂಡಿದ್ದೆವು. ಈಚೆ ನನ್ನ ಹೊಲಿಗೆ ಮೆಷಿನ್ನು, ಆಚೆ ಅವರ ಕಂಬಳಿ ಹಾಸಿದ ಮೇಜು. ಹಲಗೆಯಲ್ಲಿ ಒಂದು ಕಿಂಡಿ. ಹೊಲಿದ ಅಂಗಿಯನ್ನು ಆ ಕಿಂಡಿಯಲ್ಲಿ ತೂರಿಸಿದರೆ ಇಸ್ತ್ರಿಯಾಗಿ ಈಚೆ ಬರುತ್ತಿತ್ತು. ನನ್ನ ಬೈಗುಳಗಳೂ ಅದೇ ಕಿಂಡಿಯಲ್ಲಿ ಹೋಗುತ್ತಿದ್ದವು, ಅವಕ್ಕೆ ಮಾತ್ರ ಉತ್ತರ ಬರುತ್ತಿರಲಿಲ್ಲ. ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಕ್ಕ, ಭಾವ, ಅವರ ಹತ್ತು ವರ್ಷದ ಮಗಳು, ಜೊತೆಗೆ ಮದುವೆಯಾಗದೆ ಉಳಿದ ನಾನು. ನನಗೆ ಹೆಣ್ಣು ಸಿಗದಿದ್ದುದಕ್ಕೆ ನನ್ನ ಬಾಯಿಯೇ ಕಾರಣ ಅನ್ನುತ್ತಾಳೆ ಅಕ್ಕ. ಇರಬಹುದು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ.

ಭಾವನಿಗೆ ಕೋಪವೆಂಬುದೇ ಇರಲಿಲ್ಲ. ಹದಿನಾರನೇ ವಯಸ್ಸಿಗೆ ಹಿಡಿದ ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನು ಮೂವತ್ತು ವರ್ಷ ಬಿಡಲಿಲ್ಲ. ಅದರ ಭಾರಕ್ಕೆ ಬಲಗಡೆಯ ಭುಜ ಎರಡು ಬೆರಳಷ್ಟು ಇಳಿದಿತ್ತು. ಅವರಿಗೆ ಅಂಗಿ ಹೊಲಿಯುವಾಗ ಅಳತೆಯಲ್ಲಿ ಅಷ್ಟು ಬಿಟ್ಟೇ ಹೊಲಿಯುತ್ತಿದ್ದೆ. ಅವರ ಕೈಯಿಂದ ಬಂದ ಅಂಗಿ ಎಷ್ಟು ಗರಿಗರಿಯಾಗಿರುತ್ತಿತ್ತೆಂದರೆ ಬೀದಿಯವರೆಲ್ಲ ಅವರನ್ನು ‘ಗರಿ’ ಎಂದೇ ಕರೆಯುತ್ತಿದ್ದರು. ಒಂದು ಬಟ್ಟೆಯನ್ನೂ ಅವರು ಸುಟ್ಟದ್ದಿಲ್ಲ. ಅದಕ್ಕೆ ಅವರದೊಂದು ಕ್ರಮವಿತ್ತು. ಬಟ್ಟೆಗೆ ಇಡುವ ಮುಂಚೆ ಪೆಟ್ಟಿಗೆಯನ್ನು ಎತ್ತಿ ಕೆನ್ನೆಯ ಹತ್ತಿರ, ಒಂದು ಬೆರಳ ದೂರಕ್ಕೆ ತಂದು ನಿಲ್ಲಿಸುವರು. ಕಣ್ಣು ಮುಚ್ಚುವರು. ‘ಹತ್ತಿಗಾಯ್ತು’ ಅನ್ನುವರು, ಇಲ್ಲವೇ ‘ರೇಷ್ಮೆಗಾದ್ರೆ ಸರಿ’ ಅನ್ನುವರು. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಪೆಟ್ಟಿಗೆಯ ತಳಕ್ಕೆ ಚುಯ್ ಎಂದು ಒಮ್ಮೆ ತಾಗಿಸಿ ತೆಗೆಯುವರು. ಅವರಪ್ಪ ಕಲಿಸಿದ್ದು. ಇಸ್ತ್ರಿ ಕಸುಬಿನವರೆಲ್ಲ ಮಾಡುವುದೇ. ಮೂವತ್ತು ವರ್ಷ ಬೀದಿಯವರೆಲ್ಲ ಅದನ್ನು ನೋಡಿದ್ದರು, ಯಾರಿಗೂ ಅದರಲ್ಲಿ ಏನೂ ಕಂಡಿರಲಿಲ್ಲ.

ಆಮೇಲೆ ಕಾನೂನು ಬಂತು.

ನಮ್ಮಲ್ಲಿ ಕೆಲವರು ಮೊದಲಿನಿಂದಲೂ ಹೀಗೇ ಇದ್ದಾರೆ. ಒಬ್ಬನಿಗೆ ಗೋಡೆಯಾಚೆಯ ಮಾತು ಕೇಳಿಸುತ್ತದೆ, ಇನ್ನೊಬ್ಬಳು ಮುಟ್ಟಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಶಕ್ತಿ ಯಾವುದೇ ಇರಲಿ, ಬೆಂಕಿ ಮಾತ್ರ ಅವರಲ್ಲಿ ಯಾರನ್ನೂ ಸುಡುವುದಿಲ್ಲ. ಕಾಗದದ ಮೇಲೆ ಅವರಿಗೆ ‘ಅಧಿಕಶಕ್ತರು’ ಎಂದು ಹೆಸರು. ಬೀದಿಯಲ್ಲಿ ‘ಹೆಚ್ಚಿನವರು’. ಮೊದಲು ಅವರನ್ನು ಕಂಡರೆ ಜನಕ್ಕೆ ಮೋಜು, ಸ್ವಲ್ಪ ಹೊಟ್ಟೆಕಿಚ್ಚು, ಅಷ್ಟೇ. ಒಂದು ದಿನ ಶಾಲೆಯ ಮೇಷ್ಟ್ರೊಬ್ಬರು ಬಸ್ಸಿನಡಿ ಸಿಕ್ಕ ಮಗುವನ್ನು ಬಿಡಿಸಲು ಒಂಟಿ ಕೈಯಲ್ಲಿ ಬಸ್ಸನ್ನು ಎತ್ತಿದರು. ಮಗು ಬದುಕಿತು. ಬಸ್ಸಿನಲ್ಲಿದ್ದ ಇಬ್ಬರಿಗೆ ಕಾಲು ಮುರಿಯಿತು. ಮಗುವಿನ ಸುದ್ದಿ ಎರಡು ದಿನ ನಡೆಯಿತು, ಕಾಲಿನ ಸುದ್ದಿ ಎರಡು ವರ್ಷ ನಡೆಯಿತು. ಕೊನೆಗೆ, ಹೆಚ್ಚಿನವರೆಲ್ಲ ಹೆಸರು ಬರೆಸಿ, ಎದೆಯ ಮೇಲೆ ತಗಡಿನ ಬಿಲ್ಲೆ ಹಾಕಿಕೊಂಡು, ಸೇತುವೆಯಾಚೆಯ ಬಡಾವಣೆಯಲ್ಲಿ ಇರಬೇಕೆಂದು ಆಜ್ಞೆಯಾಯಿತು. ಅದರಲ್ಲಿ ಇನ್ನೊಂದು ಕಲಮು ಇತ್ತು. ಈ ಶಕ್ತಿ ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದಂತೆ. ಹಾಗಾಗಿ ತಾಯಿ ಸಿಕ್ಕಿಬಿದ್ದರೆ ಮಕ್ಕಳನ್ನು ಬೇರೆ ಮಾಡಿ ದೂರದ ವಸತಿ ಶಾಲೆಯಲ್ಲಿ ಇಟ್ಟು ನೋಡುತ್ತಾರೆ. ತಂದೆಯಾದರೆ ಮಕ್ಕಳ ತಂಟೆಗೆ ಬರುವುದಿಲ್ಲ. ಇದನ್ನು ಓದಿದಾಗ ನಾನು ಅಕ್ಕನಿಗೆ ತಮಾಷೆ ಮಾಡಿದ್ದೆ. ‘ನೋಡೇ, ಗಂಡಸರಿಗೆ ಇಲ್ಲೂ ಬೆಲೆ ಇಲ್ಲ!’ ಅಕ್ಕ ನಗಲಿಲ್ಲ. ಯಾಕೆ ನಗಲಿಲ್ಲವೆಂದು ನಾನು ಕೇಳಲಿಲ್ಲ.

ಹೆಚ್ಚಿನವರಲ್ಲೇ ಎರಡು ಪಂಗಡವಾಯಿತು. ಹೆಸರು ಕೊಟ್ಟು, ತಗ್ಗಿಬಗ್ಗಿ ನಡೆದು, ಒಳ್ಳೆಯವರೆನಿಸಿಕೊಂಡರೆ ಇವತ್ತಲ್ಲ ನಾಳೆ ಕಾನೂನು ಸಡಿಲವಾಗುತ್ತದೆ ಅನ್ನುವವರು ಬಿಲ್ಲೆಯವರು. ಸತ್ತರೂ ಬಿಲ್ಲೆ ಬೇಡ, ಹೊಡೆದಾಡೋಣ ಅನ್ನುವವರು ಬೇಡದವರು. ಇವರಿಬ್ಬರಿಗೂ ಸರಕಾರದ ಮೇಲೆ ಇದ್ದುದಕ್ಕಿಂತ ಒಬ್ಬರ ಮೇಲೊಬ್ಬರಿಗೆ ಇದ್ದ ಸಿಟ್ಟೇ ಜಾಸ್ತಿ. ಮೂರನೆಯದು ನಮ್ಮಂಥ ಸಾಮಾನ್ಯರು ಕಟ್ಟಿಕೊಂಡ ಬೀದಿ ಸಮಿತಿ. ಯಾರು ಹೆಚ್ಚಿನವರೆಂದು ಮೂಸಿ ನೋಡುವುದೇ ಅದರ ಕೆಲಸ. ಔಷಧಿ ಅಂಗಡಿಯ ಯಜಮಾನರು ಅದರ ಅಧ್ಯಕ್ಷರು. ಮೂವತ್ತು ವರ್ಷದಿಂದ ಭಾವನ ಹತ್ತಿರ ಅಂಗಿ ಕೊಡುತ್ತಿದ್ದ ಆ ಪುಣ್ಯಾತ್ಮರಿಗೆ, ಒಂದು ಬೆಳಿಗ್ಗೆ, ಕೆನ್ನೆಯ ಹತ್ತಿರ ಹೋದ ಪೆಟ್ಟಿಗೆ ಮೊದಲ ಸಲ ಕಣ್ಣಿಗೆ ಬಿತ್ತು.

ಸಂಜೆಯೊಳಗೆ ಸುದ್ದಿಗೆ ಉಪ್ಪುಖಾರ ಹತ್ತಿತು. ಗರಿಯನ್ನು ಬೆಂಕಿ ಸುಡುವುದಿಲ್ಲವಂತೆ. ಗರಿ ಕೆಂಡ ತಿನ್ನುತ್ತಾನಂತೆ.

ಒಂದೇ ವಾರದಲ್ಲಿ ಮೂವರು ಬಂದರು. ಕಿಂಡಿಯಿಂದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಗೋಡೆಯಾಚೆಯದು ಕೇಳಿಸಲು ನನಗೆ ಯಾವ ಶಕ್ತಿಯೂ ಬೇಕಿರಲಿಲ್ಲ.

ಮೊದಲು ಬಂದವರು ನಿವೃತ್ತ ಪೋಸ್ಟ್ ಮಾಸ್ತರು. ಕತ್ತಲಲ್ಲಿ ಕಣ್ಣು ಕಾಣುವುದು ಅವರ ಹೆಚ್ಚು. ಬಿಲ್ಲೆಯವರ ಮುಖಂಡರು. ಹಗಲು ಹೊತ್ತು ಸೇತುವೆ ದಾಟಿ ಬರಲು ಅವರಿಗೆ ಪರವಾನಗಿ ಇತ್ತು. ಬಿಲ್ಲೆಗೆ ಹೊಳಪು ಕೊಟ್ಟು ಕೋಟಿನ ಮೇಲೆ ಹಾಕಿದ್ದರು.

“ನಿಮ್ಮಂಥ ಮರ್ಯಾದಸ್ಥರು ತಾವಾಗೇ ಬಂದು ಹೆಸರು ಬರೆಸಿದ್ರೆ ನಮಗೆಲ್ಲ ಒಂದು ತೂಕ ಬರುತ್ತೆ. ಯೋಚನೆ ಮಾಡಿ.”

“ಆಯ್ತು, ನೋಡೋಣ” ಅಂದರು ಭಾವ. “ಈ ಕೋಟು ನಾಳೆಗೆ ಕೊಡ್ಲಾ?”

ಎರಡು ದಿನ ಬಿಟ್ಟು ಬೀಗ ರಿಪೇರಿಯ ಹೆಂಗಸು ಬಂದಳು. ಅವಳು ಬೇಡದವರ ಕಡೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಹಿಡಿದುಕೊಟ್ಟರೆ ಕೆಟ್ಟ ಬೀಗ ತೆಗೆಯುವವರು ಬೇರೆ ಯಾರೂ ಇರಲಿಲ್ಲವೆಂದು ಸುಮ್ಮನಿದ್ದರು.

“ಅಣ್ಣಾ, ಎಷ್ಟು ದಿನ ಹೀಗೆ ಮುಚ್ಚಿಕೊಂಡಿರ್ತೀರಾ? ನಿಮ್ಮಂಥ ಒಬ್ಬರು ಎದ್ದು ನಿಂತ್ರೆ ನೂರು ಜನ ನಿಲ್ತಾರೆ.”

“ಆಯ್ತಮ್ಮ, ನೋಡೋಣ. ಈ ಕುಪ್ಪಸಕ್ಕೆ ಗಂಜಿ ಹಾಕಬೇಕಾ?”

ಮೂರನೆಯವರು ಔಷಧಿ ಅಂಗಡಿಯವರೇ. “ನೋಡಿ, ನೀವು ಇಲ್ಲಿಂದ ಜಾಗ ಬಿಟ್ಟರೆ ನಿಮಗೂ ಒಳ್ಳೇದು, ಬೀದಿಗೂ ಒಳ್ಳೇದು.”

“ಆಯ್ತು ಸ್ವಾಮಿ, ನೋಡೋಣ.”

ಮೂರೂ ಕಡೆಯವರು ಗರಿ ಒಪ್ಪಿದನೆಂದುಕೊಂಡು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಕಿಂಡಿಯಲ್ಲಿ ತಲೆ ತೂರಿಸಿದೆ.

“ಅಲ್ಲ ಭಾವ, ನಿಮಗೆ ತಲೆ ನೆಟ್ಟಗಿದೆಯಾ? ಯಾರ ಕಡೆ ನೀವು?”

ಭಾವ ಕಾಲರಿನ ಸುಕ್ಕು ಬಿಡಿಸುತ್ತಿದ್ದರು. “ಎಲ್ಲರ ಅಂಗಿಗೂ ಕಾಲರ್ ಒಂದೇ ಥರ ಇರುತ್ತೆ ಕಣಯ್ಯಾ” ಅಂದರು.

“ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ. ನಿಮಗೆ ಏನೂ ಇಲ್ಲ ಅನ್ನೋದು ನನಗೆ ಗೊತ್ತಿಲ್ವಾ? ಹೋದ ವರ್ಷ ಕೆಂಡ ಬಿದ್ದು ಮೊಣಕೈ ಸುಟ್ಟಾಗ ಎಣ್ಣೆ ಹಚ್ಚಿದ್ದು ಯಾರು? ಒಂದು ಸರ್ಟಿಫಿಕೇಟ್ ತಂದು ಗೋಡೆಗೆ ಅಂಟಿಸಿದ್ರೆ ಎಲ್ಲರ ಬಾಯಿ ಮುಚ್ಚುತ್ತೆ.”

“ಬೇಡಪ್ಪ. ಆ ಕಚೇರಿ ಸಹವಾಸ ಬೇಡ.”

“ಯಾಕೆ ಬೇಡ?”

ಭಾವ ಇನ್ನೊಂದು ಅಂಗಿ ಬಿಡಿಸಿ ಮೇಜಿನ ಮೇಲೆ ಹಾಸಿದರು. ಹೇಡಿ ಅಂದೆ. ಬೆನ್ನುಮೂಳೆ ಇಲ್ಲದವರು ಅಂದೆ. ಇನ್ನೂ ಏನೇನೋ ಅಂದೆ, ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಭಾವ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

ಆಗ ನಾನು ಮಾಡಿದ ಎಡವಟ್ಟನ್ನು ಹೇಳಲೇಬೇಕು. ಯಾರನ್ನೂ ಕೇಳದೆ ಕಚೇರಿಗೆ ನಾನೇ ಒಂದು ಅರ್ಜಿ ಬರೆದೆ. ‘ನಮ್ಮ ಭಾವನ ಮೇಲೆ ಇಲ್ಲದ ಅಪವಾದ ಬಂದಿದೆ. ದಯವಿಟ್ಟು ಪರೀಕ್ಷಿಸಿ ಪ್ರಮಾಣಪತ್ರ ಕೊಡಿ.’ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಎದೆಯುಬ್ಬಿಸಿಕೊಂಡು ಅಂಚೆ ಡಬ್ಬಿಗೆ ಹಾಕಿದೆ.

ಎಂಟು ದಿನಕ್ಕೆ ಉತ್ತರ ಬಂತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಮನೆಯಲ್ಲಿರುವ ಹನ್ನೆರಡು ವರ್ಷ ಮೇಲ್ಪಟ್ಟವರೆಲ್ಲರೂ ಪರೀಕ್ಷೆಗೆ ಹಾಜರಾಗಬೇಕು. ಬಾರದವರನ್ನು ಅಧಿಕಶಕ್ತರೆಂದೇ ಪರಿಗಣಿಸಲಾಗುವುದು.

ಕಾಗದ ಹಿಡಿದುಕೊಂಡು ಮೇಲೆ ಹೋದೆ. ಶನಿವಾರ ಮಧ್ಯಾಹ್ನ. ಭಾವ ಬಟ್ಟೆ ಕೊಡಲು ಹೊರಗೆ ಹೋಗಿದ್ದರು. ಅಕ್ಕ ಕಿಟಕಿಯ ಹತ್ತಿರ ನಿಂತು ಮಗಳ ಶಾಲೆಯ ಒದ್ದೆ ಅಂಗಿಯನ್ನು ಎರಡೂ ಅಂಗೈಗಳ ನಡುವೆ ಇಟ್ಟು, ತೋಳಿನಿಂದ ಕೆಳಕ್ಕೆ ನಿಧಾನವಾಗಿ ಸವರುತ್ತಿದ್ದಳು. ಅಂಗಿಯಿಂದ ಹಬೆ ಏಳುತ್ತಿತ್ತು. ಕೈ ಹಾದುಹೋದ ಕಡೆಯೆಲ್ಲ ಬಟ್ಟೆ ಒಣಗಿ ಬೆಳ್ಳಗಾಗುತ್ತಿತ್ತು. ಒಲೆ ಹಚ್ಚಿರಲಿಲ್ಲ, ಪೆಟ್ಟಿಗೆ ಕೆಳಗೆ ಅಂಗಡಿಯಲ್ಲಿತ್ತು.

ಅಕ್ಕ ತಿರುಗಿ ನೋಡಿದಳು. ನನ್ನ ಕೈಯಲ್ಲಿದ್ದ ಕಾಗದ ನೋಡಿದಳು.

“ಯಾವಾಗಿನಿಂದ?” ಅಂದೆ.

“ಹುಟ್ಟಿದಾಗಿನಿಂದ ಕಣೋ. ಅಮ್ಮನಿಗೂ ಇತ್ತು. ನಿನಗೆ ಬರಲಿಲ್ಲ, ಅಷ್ಟೇ.”

“ಭಾವನಿಗೆ ಗೊತ್ತಾ?”

“ಮದುವೆಗೆ ಮುಂಚೆನೇ ಹೇಳಿದ್ದೆ. ‘ಒಳ್ಳೇದಾಯ್ತು, ಮಳೆಗಾಲದಲ್ಲಿ ಅನುಕೂಲ’ ಅಂದ್ರು.”

“ನನಗೆ? ಒಡಹುಟ್ಟಿದ ತಮ್ಮ ನಾನು! ನನಗ್ಯಾಕೆ ಹೇಳಲಿಲ್ಲ?”

ಅಕ್ಕ ಕಾಗದವನ್ನೇ ನೋಡುತ್ತಿದ್ದಳು. “ನಿನ್ನ ಬಾಯಿಗೆ ಹೆದರಿ ಕಣೋ” ಅಂದಳು. “ನಿನ್ನ ಬಾಯಿ ಮಾತ್ರ ಅಂದ್ಕೊಂಡಿದ್ದೆ. ನೀನು ಬರೀತೀಯಾ ಅಂತ ಹೊಳೆದಿರಲಿಲ್ಲ.”

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಭಯವಾದರೆ ಅಕ್ಕನ ಅಂಗೈ ತಾನಾಗಿ ಕಾಯುತ್ತಿತ್ತಂತೆ, ತಡೆಯಲು ಅವಳ ಕೈಲಿ ಆಗುತ್ತಿರಲಿಲ್ಲವಂತೆ. ಕಚೇರಿಯಲ್ಲಿ ಭಯವಾಗದೆ ಇರುತ್ತದೆಯೇ? ಅವಳು ಸಿಕ್ಕಿಬಿದ್ದರೆ ಅವಳು ಸೇತುವೆಯಾಚೆ, ಮಗಳು ಯಾವುದೋ ವಸತಿ ಶಾಲೆಯಲ್ಲಿ. ಆ ಕೋಣೆಯಲ್ಲೇ ಗೋಡೆಗೊರಗಿ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಹುಡುಗಿ ತಲೆಯೆತ್ತಿ, “ಮಾಮ, ಯಾಕೆ ಅಳ್ತಿದ್ದೀಯಾ?” ಅಂದಳು. ನಾನು ಅಳುತ್ತಿದ್ದುದು ನನಗೆ ಗೊತ್ತಾದದ್ದು ಆಗಲೇ.

ಭಾವ ಬಂದು ಕಾಗದವನ್ನು ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಆಯ್ತು, ನೋಡೋಣ” ಅಂದರು.

ಕಚೇರಿ ಮುಚ್ಚಿಹೋದ ಶಾಲೆಯೊಂದರಲ್ಲಿತ್ತು. ಗೋಡೆಯ ಮೇಲೆ ಮಗ್ಗಿ ಇನ್ನೂ ಅಳಿಸಿರಲಿಲ್ಲ. ಮೂವರೂ ಬೆಂಚಿನ ಮೇಲೆ ಕೂತೆವು. ಅಕ್ಕ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಪಕ್ಕದಲ್ಲಿ ಕೂತ ನನಗೆ ಬಿಸಿ ತಾಗುತ್ತಿತ್ತು. ಬಾಗಿಲಲ್ಲಿದ್ದ ಗುಮಾಸ್ತ ಸೀಸದಕಡ್ಡಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

“ಸ್ವಾಮಿ, ಮನೆಯಲ್ಲಿ ಒಬ್ಬರು ಸಿಕ್ಕಿದ್ರೆ ಉಳಿದವರಿಗೂ ಪರೀಕ್ಷೆ ಮಾಡ್ತೀರಾ?” ಭಾವ ಕೇಳಿದರು.

“ಒಂದು ಅರ್ಜಿಗೆ ಒಬ್ಬರು ಕಣ್ರೀ. ಸಿಕ್ಕಿದ್ರೆ ಫೈಲು ಮುಚ್ಚಿದ ಹಾಗೆ. ಮನೆ ಯಜಮಾನ ಯಾರು? ನೀವು ಮೊದಲು ಬನ್ನಿ.”

ಬಾಗಿಲು ತೆರೆದೇ ಇತ್ತು, ಎಲ್ಲ ಕಾಣುತ್ತಿತ್ತು. ಅಧಿಕಾರಿ ದೊಡ್ಡ ಮನುಷ್ಯ, ಒಳ್ಳೆ ಇಸ್ತ್ರಿ ಮಾಡಿದ ಅಂಗಿ. ವಿದ್ಯುತ್ ಒಲೆಯ ಮೇಲೆ ಮರದ ಹಿಡಿಯಿದ್ದ ತಾಮ್ರದ ಹಲಗೆ ಕಾಯುತ್ತಿತ್ತು. ಅದರ ಕಡೆಗೆ ಕೈ ಒಯ್ಯಬೇಕು. ಗೇಣು ದೂರದಲ್ಲೇ ಕೈ ಹಿಂದಕ್ಕೆ ಬಂದರೆ ಸಾಮಾನ್ಯ ಮನುಷ್ಯ. ಅಷ್ಟೇ ಪರೀಕ್ಷೆ.

ಅಧಿಕಾರಿ ವಿವರಿಸುತ್ತಿರುವಾಗಲೇ ಭಾವ ಹಿಡಿಗೆ ಕೈ ಹಾಕಿ ಹಲಗೆಯನ್ನು ಎತ್ತಿದರು. ಕೆನ್ನೆಯ ಹತ್ತಿರ, ಒಂದು ಬೆರಳ ದೂರಕ್ಕೆ ತಂದು ನಿಲ್ಲಿಸಿದರು. ಕಣ್ಣು ಮುಚ್ಚಿದರು.

“ಇದು ಹತ್ತಿಗೆ ಸಾಲದು ಸ್ವಾಮಿ” ಅಂದರು. “ರೇಷ್ಮೆಗಾದ್ರೆ ಸರಿ.”

ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಜನ್ಮದಲ್ಲಿ ಒಂದು ಕರವಸ್ತ್ರಕ್ಕೂ ಇಸ್ತ್ರಿ ಹಾಕದ ಆಸಾಮಿ ಅವನು. ಗುಮಾಸ್ತ ಕಿವಿಯಲ್ಲಿದ್ದ ಕಡ್ಡಿಯನ್ನು ತೆಗೆಯುವುದನ್ನೇ ಮರೆತ. ಭಾವ ಕಣ್ಣು ತೆರೆದು ಅವರಿಬ್ಬರ ಮುಖ ನೋಡಿದರು. ಆಮೇಲೆ ಬಾಗಿಲ ಕಡೆ, ನಮ್ಮ ಕಡೆ ನೋಡಿದರು. ಬೆರಳನ್ನು ನಾಲಿಗೆಗೆ ಮುಟ್ಟಿಸಿ ಹಲಗೆಗೆ ಚುಯ್ ಅನ್ನಿಸಿದರು.

“ಅಂ... ಅಂಗೈ ಇಡಿ” ಅಂದ ಅಧಿಕಾರಿ. “ಐದು ಎಣಿಸ್ತೀನಿ.”

ಅಯ್ಯೋ, ಬೇಡ ಭಾವ ಅಂತ ನಾನು ಎದ್ದೆ. ಅಕ್ಕ ನನ್ನ ಅಂಗಿಯ ತೋಳು ಹಿಡಿದು ಕೂರಿಸಿದಳು. ಅವಳ ಬೆರಳು ತಾಗಿದ ಕಡೆ ತೋಳಿನ ಬಟ್ಟೆ ಕಂದುಬಣ್ಣಕ್ಕೆ ತಿರುಗಿತು. ಆ ಅಂಗಿ ಈಗಲೂ ನನ್ನ ಹತ್ತಿರ ಇದೆ. ಒಳಗೆ ಅಧಿಕಾರಿ ನಿಧಾನವಾಗಿ, ಮಗ್ಗಿ ಹೇಳುವವನ ಹಾಗೆ, ಒಂದು ಎರಡು ಎಂದು ಎಣಿಸಿದ. ಭಾವ ಗೋಡೆಯನ್ನು ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಐದಾದ ಮೇಲೆ ಕೈ ತೆಗೆದು ಜೇಬಿಗೆ ಹಾಕಿಕೊಂಡರು.

“ಬರ್ಕೊಳ್ಳಿ, ಸಿಕ್ಕಿದ್ದಾನೆ” ಅಂದ ಅಧಿಕಾರಿ. ಹಣೆಯ ಬೆವರು ಒರೆಸಿಕೊಂಡು, “ಉಳಿದವರು ಹೋಗಬಹುದು” ಎಂದೂ ಸೇರಿಸಿದ. ಸಾಮಾನು ಕಟ್ಟಿಕೊಳ್ಳಲು ಭಾವನಿಗೆ ಏಳು ದಿನ ಕೊಟ್ಟರು. ಬಿಲ್ಲೆಯನ್ನು ಅಲ್ಲೇ ಚುಚ್ಚಿದರು.

ಮನೆಗೆ ಬರುವವರೆಗೂ ಕೈ ಜೇಬಿನಲ್ಲೇ ಇತ್ತು. ಬಾಗಿಲು ಹಾಕಿದ ಮೇಲೆ ತೆಗೆದರು. ಅಂಗೈ ನೋಡಲಾಗಲಿಲ್ಲ. “ರೀ, ಏನು ಮಾಡ್ಕೊಂಡ್ರಿ ಇದು” ಎಂದು ಅಕ್ಕ ಓಡಿಬಂದು ಕೈ ಹಿಡಿಯಲು ಹೋದವಳು, ನಡುವೆಯೇ ನಿಂತುಬಿಟ್ಟಳು. ಅವಳ ಕೈಗಳಿಂದ ಬಿಸಿ ಹೊಮ್ಮುತ್ತಿತ್ತು. ಸಂಕಟ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಅವಳು ಮುಟ್ಟುವ ಹಾಗಿರಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಂಡನ ಭುಜಕ್ಕೆ ಹಣೆ ಕೊಟ್ಟು ಅತ್ತಳು. ಒದ್ದೆ ಬಟ್ಟೆ ತಂದು ಆ ಅಂಗೈಯನ್ನು ಹಿಡಿದುಕೊಂಡವನು ನಾನು, ಅದನ್ನು ಸುಡಿಸಿದವನು.

“ಭಾವ, ಬೇಕಂತಲೇ ಮಾಡಿದ್ರಾ?” ಅಂದೆ.

“ಗೊತ್ತಿಲ್ಲ ಕಣಯ್ಯಾ. ಬಿಸಿ ಹಲಗೆ ಕಾಣಿಸ್ತು, ಕೈ ತಾನಾಗೇ ಕೆನ್ನೆ ಹತ್ರ ತಂತು. ರೂಢಿ. ಆಮೇಲೆ ಅವರ ಮುಖ ನೋಡಿದೆ. ಓಹೋ, ಹೀಗೂ ಆಗುತ್ತಾ ಅನ್ನಿಸ್ತು.”

ಏಳನೆಯ ದಿನ ಹೊರಡುವಾಗ ಪೋಸ್ಟ್ ಮಾಸ್ತರು ಕೈಕುಲುಕಲು ಬಂದು, ತಮ್ಮ ಮಾತಿಗೆ ಬೆಲೆ ಕೊಟ್ಟದ್ದಕ್ಕೆ ವಂದನೆ ಹೇಳಿದರು. ಔಷಧಿ ಅಂಗಡಿಯವರು ದೂರದಿಂದಲೇ ಕೈಮುಗಿದು, ಜಾಗ ಬಿಟ್ಟದ್ದಕ್ಕೆ ವಂದನೆ ಹೇಳಿದರು. ಬೀಗದ ಹೆಂಗಸು ಜನರ ನಡುವೆ ನಿಂತು, ಸಮಯ ಬಂದಾಗ ಒಳಗಿನಿಂದ ಏಳುತ್ತಾರೆಂದು ಪಕ್ಕದವಳ ಕಿವಿಯಲ್ಲಿ ಹೇಳುತ್ತಿದ್ದಳು. ಬೀದಿಯ ಮೂರು ಕತೆಗಳೆಂದೆನಲ್ಲ, ಇವೇ. ಆರು ತಿಂಗಳಲ್ಲಿ ಬೀಗದವಳೂ ಸಿಕ್ಕಿ ಸೇತುವೆಯಾಚೆ ಹೋದಳು.

ಅಲ್ಲಿ ಭಾವ ಎಡಗೈಯಲ್ಲಿ ಇಸ್ತ್ರಿ ಮಾಡುತ್ತಾರೆ. ಈಗ ಎಡಭುಜವೂ ಇಳಿಯುತ್ತಿದೆ, ಇನ್ನು ಮುಂದೆ ಅಂಗಿ ಹೊಲಿಯುವಾಗ ಅಳತೆ ಸುಲಭ ಎಂದು ನಗುತ್ತಾರೆ. ಹೆಚ್ಚಿನವರಿಗೆ ಬೆಂಕಿ ಸುಟ್ಟ ಗುರುತು ಆಗುವುದಿಲ್ಲವಲ್ಲ, ಅವರ ಬಲಗೈಯನ್ನು ಮೊದಲು ನೋಡಿದವರು ಪೋಸ್ಟ್ ಮಾಸ್ತರು. ನೋಡಿ, “ಆ ಬೇಡದವರಿಗೆ ಮಾತ್ರ ತೋರಿಸಬೇಡಿ” ಅಂದರು. ಆಮೇಲೆ ಬೀಗದವಳು ನೋಡಿದಳು. “ಅಣ್ಣಾ, ಬಿಲ್ಲೆಯವರ ಕಣ್ಣಿಗೆ ಬೀಳದ ಹಾಗೆ ಇಟ್ಕೊಳ್ಳಿ” ಅಂದಳು. ಇಬ್ಬರಿಗೂ ಗೊತ್ತು, ಇಬ್ಬರೂ ಇನ್ನೊಬ್ಬರಿಂದ ಬಚ್ಚಿಡುತ್ತಾರೆ. ಯಾರು ಯಾರ ಕಡೆ ಎಂದು ನನಗೆ ತಲೆಬುಡ ಹತ್ತುವುದಿಲ್ಲ. ಏನೂ ಇಲ್ಲದ ಮನುಷ್ಯ ಆಚೆ, ಇರುವವಳು ಈಚೆ. ಸೇತುವೆಯ ಬಾಗಿಲಲ್ಲಿ ಬಂದವರೆಲ್ಲರ ಅಂಗೈ ಬಿಸಿ ಇದೆಯೇ ಎಂದು ಮುಟ್ಟಿ ನೋಡುತ್ತಾರಾದ್ದರಿಂದ ಅಕ್ಕ ಒಮ್ಮೆಯೂ ಹೋಗಿಲ್ಲ. ಮಗಳು ನಮ್ಮ ಬೀದಿಯ ಶಾಲೆಗೇ ಹೋಗುತ್ತಿದ್ದಾಳೆ. ಅಪ್ಪನನ್ನು ನೋಡಲು ಮಕ್ಕಳನ್ನು ಬಿಡುವುದಿಲ್ಲ. ಹೋಗುವವನು ನಾನೊಬ್ಬನೇ. ಯಾರಿಗೂ ಏನೂ ಹೇಳದೆ ಇರುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ.

ಮೊದಲ ಸಲ ಹೊರಟಾಗ ಅಕ್ಕ ಭಾವನ ಅಂಗಿಯೊಂದನ್ನು ಒಗೆದು, ಅಂಗೈಯಲ್ಲೇ ಒಣಗಿಸಿ, ಸವರಿ ಮಡಿಸಿ ಕೊಟ್ಟಳು. “ಬೇಗ ಹೋಗು, ಆರುತ್ತೆ” ಅಂದಳು. ಅದನ್ನು ಕಾಗದದಲ್ಲಿ ಸುತ್ತಿ, ಕೋಟಿನೊಳಗೆ ಎದೆಗೊತ್ತಿಕೊಂಡು ಸೇತುವೆಯ ಕಡೆ ಓಡುನಡಿಗೆಯಲ್ಲಿ ಹೋದೆ. ಬಾಗಿಲಲ್ಲಿ ಉದ್ದದ ಸಾಲಿತ್ತು. ನನ್ನ ಅಂಗೈ ಮುಟ್ಟಿದವನು, “ತಣ್ಣಗಿದೆ, ಹೋಗು” ಅಂದ.

ಅಲ್ಲಿನ ತಮ್ಮ ಅಂಗಡಿಯಲ್ಲಿ ಭಾವ ಕಾಗದ ಬಿಚ್ಚಿದರು. ಮಡಿಸಿದ ಅಂಗಿಯನ್ನು ಎಡಗೈಯಲ್ಲಿ ಎತ್ತಿ ಕೆನ್ನೆಯ ಹತ್ತಿರ ತಂದರು. ಈ ಸಲ ಒಂದು ಬೆರಳ ದೂರ ಬಿಡಲಿಲ್ಲ. ಕೆನ್ನೆಗೇ ಒತ್ತಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಹಾಗೇ ನಿಂತಿದ್ದರು. ಹೊರಗೆ ಇಸ್ತ್ರಿಗೆ ಬಟ್ಟೆ ತಂದವರು ಸಾಲುಗಟ್ಟಿ ಕಾಯುತ್ತಿದ್ದರು.

“ಹತ್ತಿಗಾಯ್ತು” ಅಂದರು.